ಉಸಿರನ್ನು ಅಳೆದ ವಿಜ್ಞಾನಿ: ಜಾನ್ ಸ್ಕಾಟ್ ಹಾಲ್ಡೇನ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗುರುಗಳು ಫೋನ್ ಮಾಡಿದಾಗ ಸಂತೋಷವೂ ಆಯಿತು, ಅಳುಕೂ ಆಯಿತು. ಹತ್ತನೇ ತರಗತಿ ಮುಗಿಸಿದ ಮೇಲೆ ಕನ್ನಡದಲ್ಲಿ ನಾನು ಬರೆದದ್ದೆಂದರೆ ಮನೆಗೆ ಕಳಿಸುವ ವಾಟ್ಸ್‌ಆ್ಯಪ್ ಸಂದೇಶಗಳು ಮಾತ್ರ. ವಿಶ್ವೇಶ್ವರಯ್ಯನವರ ಬಗ್ಗೆ, ಕಲಾಂ ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಈ ಸಂಚಿಕೆಯಲ್ಲಿ ಇದ್ದೇ ಇರುತ್ತಾರೆ. ಆದ್ದರಿಂದ ವಿಜ್ಞಾನ ಲೋಕದಲ್ಲಿ ದೊಡ್ಡ ಹೆಸರಾಗಿದ್ದರೂ ನಮ್ಮ ಊರಿನ ಕಡೆ ಅಷ್ಟಾಗಿ ಕೇಳಿಬರದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರೇ ಜಾನ್ ಸ್ಕಾಟ್ ಹಾಲ್ಡೇನ್. ಇವತ್ತು ಆಸ್ಪತ್ರೆಯಲ್ಲಿ ರೋಗಿಯ ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತಿರುಗಿಸಿ ಬಿಡುತ್ತಾರಲ್ಲ, ಹಾಗೆ ಅಳತೆ ಮಾಡಿ ಕೊಡುವ ಪದ್ಧತಿಯನ್ನು ಗಟ್ಟಿಯಾಗಿ ನೆಲೆಗೊಳಿಸಿದವರು ಅವರು.

ಆಮ್ಲಜನಕ ಎಂದ ಕೂಡಲೇ ನನಗೆ ನೆನಪಾಗುವುದು ನಮ್ಮ ಶಾಲೆಯ ಪ್ರಯೋಗಾಲಯ. ಪ್ರಯೋಗಾಲಯ ಎಂದರೆ ಸ್ಟಾಫ್ ರೂಮಿನ ಪಕ್ಕದ ಕೋಣೆಯಲ್ಲಿ ಎರಡು ಮೇಜು, ಒಂದು ಬೀರು. ವಿಜ್ಞಾನದ ಮೇಷ್ಟ್ರು ಗಟ್ಟಿ ಗಾಜಿನ ಪ್ರನಾಳದಲ್ಲಿ ಪೊಟ್ಯಾಸಿಯಂ ಪರಮಾಂಗನೇಟ್ ಕಾಯಿಸಿ, ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ ಜಾಡಿಯೊಳಗೆ ಗುಳ್ಳೆ ಗುಳ್ಳೆಯಾಗಿ ಅನಿಲ ಹಿಡಿದಿದ್ದರು. ಉರಿ ಆರಿ ಬರಿ ಕೆಂಡ ಉಳಿದಿದ್ದ ಊದಿನಕಡ್ಡಿಯನ್ನು ಅದರೊಳಗೆ ಇಳಿಸಿದಾಗ ಅದು ಭಗ್ಗನೆ ಹೊತ್ತಿಕೊಂಡಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೇಷ್ಟ್ರು ಮಾತ್ರ ಎಷ್ಟು ಪುಡಿ ಹಾಕಿದೆ, ಎಷ್ಟು ಜಾಡಿ ಅನಿಲ ಬಂತು ಎಂದು ಬರೆದುಕೊಳ್ಳಿ ಎಂದು ಗದರಿದ್ದರು. ಬೆಳಕು ನೋಡಿ ಖುಷಿಪಟ್ಟೆವು, ಅಳತೆ ಬರೆಯಲಿಲ್ಲ. ಆ ಗದರಿಕೆಯ ಅರ್ಥ ನನಗೆ ತಿಳಿದದ್ದು 2021ರ ಮೇ ತಿಂಗಳ ಒಂದು ರಾತ್ರಿ. ಆ ಕಥೆಯನ್ನು ಕೊನೆಗೆ ಹೇಳುತ್ತೇನೆ. ಮೊದಲು ಹಾಲ್ಡೇನರ ಜೀವನ.

ಹಾಲ್ಡೇನರು ಹುಟ್ಟಿದ್ದು 1860ರ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ. ಸ್ಥಿತಿವಂತರ, ಓದಿದವರ ಮನೆತನ. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯೂ ಲಾರ್ಡ್ ಚಾನ್ಸಲರೂ ಆದರು. ತಂಗಿ ಎಲಿಜಬೆತ್ ಲೇಖಕಿ, ಸಮಾಜ ಸೇವಕಿ. ಸೋದರಮಾವ ಜಾನ್ ಬರ್ಡನ್ ಸ್ಯಾಂಡರ್ಸನ್ ಹೆಸರಾಂತ ಶರೀರಕ್ರಿಯಾ ವಿಜ್ಞಾನಿ. ಹಾಲ್ಡೇನರು ಎಡಿನ್‌ಬರೊದಲ್ಲಿಯೇ ವೈದ್ಯ ಶಿಕ್ಷಣ ಪಡೆದು 1884ರಲ್ಲಿ ಪದವೀಧರರಾದರು. ಇಂಥ ಮನೆತನದ ಹುಡುಗ ದೊಡ್ಡ ಊರಿನಲ್ಲಿ ಕ್ಲಿನಿಕ್ ತೆರೆದು ಶ್ರೀಮಂತರ ನಾಡಿ ಹಿಡಿದು ಸುಖವಾಗಿ ಇರಬಹುದಿತ್ತು. ಆದರೆ ಅವರಿಗೆ ಒಂದೇ ಹುಚ್ಚು ಹಿಡಿದಿತ್ತು. ಮನುಷ್ಯ ಉಸಿರಾಡುವ ಗಾಳಿಯಲ್ಲಿ ಏನಿದೆ, ಅದು ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂಬುದೇ ಆ ಹುಚ್ಚು.

ಮೊದಲ ಕೆಲಸ ಡಂಡೀ ಎಂಬ ಊರಿನಲ್ಲಿ. ಅದು ನಮ್ಮ ಬಂಗಾಳದ ಸೆಣಬಿನಿಂದ ಗೋಣಿತಟ್ಟು ನೇಯುತ್ತಿದ್ದ ಗಿರಣಿಗಳ ಊರು. ಒಂದೇ ಕೋಣೆಯ ಮನೆಯಲ್ಲಿ ಇಡೀ ಕುಟುಂಬ ಮಲಗುತ್ತಿದ್ದ ಕೊಳೆಗೇರಿಗಳು ಅಲ್ಲಿದ್ದವು. ಹಾಲ್ಡೇನರು ತಮ್ಮ ಸಹೋದ್ಯೋಗಿಗಳ ಜೊತೆ ನಡುರಾತ್ರಿ ಕಳೆದ ಮೇಲೆ ಆ ಮನೆಗಳ ಬಾಗಿಲು ತಟ್ಟಿ ಒಳಗಿನ ಗಾಳಿಯನ್ನು ಸೀಸೆಗಳಲ್ಲಿ ತುಂಬಿಕೊಂಡು ಬಂದು ಪರೀಕ್ಷಿಸಿದರು. ಶಾಲೆಗಳ ಗಾಳಿಯನ್ನೂ ಪರೀಕ್ಷಿಸಿದರು. ಆ ಕಾಲದಲ್ಲಿ ಟೈಫಾಯಿಡ್‌ನಂಥ ರೋಗಗಳು ಚರಂಡಿಯ ಕೆಟ್ಟ ಗಾಳಿಯಿಂದ ಬರುತ್ತವೆ ಎಂಬ ನಂಬಿಕೆ ಬಲವಾಗಿತ್ತು. ಹಾಲ್ಡೇನರು ಒಳಚರಂಡಿಗಳಿಗೇ ಇಳಿದರು. ಅವರು ಮತ್ತು ಪ್ರೊಫೆಸರ್ ಕಾರ್ನೆಲಿ 1887ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ ಜನ ಬೆರಗಾಗಿರಬೇಕು. ಕಿಟಕಿ ಬಾಗಿಲುಗಳನ್ನಷ್ಟೇ ನಂಬಿದ್ದ ಶಾಲಾ ಕೊಠಡಿಗಳ ಗಾಳಿಗಿಂತ ಚರಂಡಿಯ ಗಾಳಿಯೇ ಎಷ್ಟೋ ಮೇಲಾಗಿತ್ತು! ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯಲು ನಗು ಬರುತ್ತದೆ. ಆದರೆ ನಂಬಿಕೆಯನ್ನು ಪಕ್ಕಕ್ಕಿಟ್ಟು ಅಳೆದು ನೋಡು ಎಂಬ ಅವರ ಬಾಳಿನ ಪಾಠ ಶುರುವಾದದ್ದು ಇಲ್ಲಿಂದ.

ಅದೇ ವರ್ಷ ಅವರು ಸೋದರಮಾವನ ವಿಭಾಗಕ್ಕೆ ಸೇರಲು ಆಕ್ಸ್‌ಫರ್ಡ್‌ಗೆ ಹೋದರು. 1891ರಲ್ಲಿ ಲೂಯಿಸಾ ಕ್ಯಾಥ್ಲೀನ್ ಟ್ರಾಟರ್ ಅವರೊಂದಿಗೆ ಮದುವೆಯಾಯಿತು. ಮಗ ಜೆ.ಬಿ.ಎಸ್. ಹಾಲ್ಡೇನ್, ಮಗಳು ನವೋಮಿ. ಮಗ ಮುಂದೆ ಜಗತ್ಪ್ರಸಿದ್ಧ ತಳಿವಿಜ್ಞಾನಿಯಾದರು, ಮಗಳು ಹೆಸರಾದ ಕಾದಂಬರಿಗಾರ್ತಿಯಾದರು. ಈ ಮನೆಯಲ್ಲಿ ಪ್ರಯೋಗಾಲಯವೂ ಗಾಳಿ ಆಡದಂತೆ ಮುಚ್ಚಬಲ್ಲ ಒಂದು ಕೋಣೆಯೂ ಇದ್ದವು. ಆ ಕೋಣೆಯೊಳಗೆ ಕುಳಿತು ವಿಷದ ಗಾಳಿ ಕುಡಿಯುತ್ತಿದ್ದವರು ಸ್ವತಃ ಮನೆಯ ಯಜಮಾನರು.

ಆಗ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟಗಳು ಮೇಲಿಂದ ಮೇಲೆ ಆಗುತ್ತಿದ್ದವು. ಸ್ಫೋಟವಾದರೆ ಜನ ಬೆಂಕಿಗೆ, ಹೊಡೆತಕ್ಕೆ ಸಾಯುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. 1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಗಣಿಯಲ್ಲಿ 57 ಜನ ಸತ್ತರು. ಹಾಲ್ಡೇನರು ಅಲ್ಲಿಗೆ ಹೋಗಿ ಶವಗಳನ್ನು ಪರೀಕ್ಷಿಸಿದರು. ಹೆಚ್ಚಿನವರ ಮೈ ಸುಟ್ಟಿರಲಿಲ್ಲ, ಚರ್ಮ ಕೆಂಪಾಗಿತ್ತು. ಅವರನ್ನು ಕೊಂದದ್ದು ಸ್ಫೋಟದ ನಂತರ ಸುರಂಗದಲ್ಲಿ ತುಂಬಿಕೊಂಡ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನನ್ನು ಹಿಡಿದುಕೊಂಡು ಆಮ್ಲಜನಕಕ್ಕೆ ಜಾಗ ಬಿಡುವುದಿಲ್ಲ. ಅಂದರೆ ಸ್ಫೋಟದಲ್ಲಿ ಬದುಕಿ ಉಳಿದವರು ಹೊರಗೆ ಬರುವ ದಾರಿಯಲ್ಲಿ ಸತ್ತಿದ್ದರು. ಅವರನ್ನು ಉಳಿಸಿಕೊಳ್ಳಬಹುದಿತ್ತು.

ಈ ಅನಿಲದ ಬಗ್ಗೆ ಹಾಲ್ಡೇನರು ಅಷ್ಟು ಖಚಿತವಾಗಿ ಹೇಳಲು ಕಾರಣವಿತ್ತು. ಹಿಂದಿನ ವರ್ಷವಷ್ಟೇ ಅವರು ಅದನ್ನು ತಾವೇ ಉಸಿರಾಡಿ, ಬೆರಳಿನಿಂದ ರಕ್ತ ತೆಗೆದು, ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಅನಿಲ ಆಕ್ರಮಿಸಿ ನಿಲ್ಲಲೂ ಆಗದ ಸ್ಥಿತಿ ಬರುವ ತನಕ ತಮ್ಮ ಲಕ್ಷಣಗಳನ್ನು ಬರೆದಿಟ್ಟಿದ್ದರು. ಸಣ್ಣ ಪ್ರಾಣಿಗಳು ವೇಗವಾಗಿ ಉಸಿರಾಡುವುದರಿಂದ ಮನುಷ್ಯನಿಗಿಂತ ಎಷ್ಟೋ ಮೊದಲೇ ತೂಕಡಿಸಿ ಬೀಳುತ್ತವೆ ಎಂದು ಕಂಡು, ಇಲಿಯನ್ನೋ ಪುಟ್ಟ ಹಕ್ಕಿಯನ್ನೋ ಗಣಿಯೊಳಗೆ ಒಯ್ಯಬೇಕೆಂದು ಸಲಹೆ ಮಾಡಿದರು. ಹಾಗೆ ಬಂದ ಕ್ಯಾನರಿ ಹಕ್ಕಿಗಳು ಬ್ರಿಟನ್ನಿನ ಗಣಿಗಳಲ್ಲಿ 1986ರ ತನಕ ಕೆಲಸ ಮಾಡಿದವು. ಇನ್ನೊಂದು ಪ್ರಯೋಗವೂ ಮುಖ್ಯ. ಕಾರ್ಬನ್ ಮಾನಾಕ್ಸೈಡ್ ತುಂಬಿದ ಪಾತ್ರೆಯಲ್ಲಿದ್ದ ಇಲಿಗೆ ಹೆಚ್ಚು ಒತ್ತಡದ ಆಮ್ಲಜನಕ ಕೊಟ್ಟರೆ ಅದು ಸಾಯಲಿಲ್ಲ. ಹಿಮೋಗ್ಲೋಬಿನ್ ಕೈಕೊಟ್ಟರೂ ರಕ್ತದ ನೀರಿನಲ್ಲಿ ಕರಗಿದ ಆಮ್ಲಜನಕವೇ ಅದನ್ನು ಬದುಕಿಸಿತ್ತು. ಆಮ್ಲಜನಕ ಔಷಧಿಯಾಗಬಲ್ಲದು ಎಂಬುದನ್ನು ಅವರು ಅಂದೇ ಕಂಡುಕೊಂಡರು.

ಮಗನಿಗೂ ಅಪ್ಪನ ಪಾಠ ಗಣಿಯಲ್ಲಿಯೇ ನಡೆಯಿತು. ಹುಡುಗನನ್ನು ಗಣಿಯೊಳಗೆ ಕರೆದೊಯ್ದು, ಛಾವಣಿಯಡಿ ಮೀಥೇನ್ ಸೇರಿಕೊಂಡಿದ್ದ ಕಡೆ ಎದ್ದು ನಿಂತು ಷೇಕ್ಸ್‌ಪಿಯರ್ ನಾಟಕದ ಒಂದು ಭಾಷಣವನ್ನು ಬಾಯಿಪಾಠ ಒಪ್ಪಿಸಲು ಹೇಳಿದರಂತೆ. ಸ್ವಲ್ಪ ಹೊತ್ತಿಗೆ ಹುಡುಗ ಏದುಸಿರು ಬಿಟ್ಟು ಕಾಲು ಕುಸಿದು ಬಿದ್ದ. ನೆಲದ ಹತ್ತಿರ ಗಾಳಿ ಚೆನ್ನಾಗಿದ್ದುದರಿಂದ ಚೇತರಿಸಿಕೊಂಡ. ಮೀಥೇನ್ ಗಾಳಿಗಿಂತ ಹಗುರ ಎಂಬ ಪಾಠವನ್ನು ಆತ ಸಾಯುವ ತನಕ ಮರೆಯಲಿಲ್ಲ. ಮೇಷ್ಟ್ರುಗಳು ಇದನ್ನು ಓದಿ ನಕ್ಕರೂ ದಯವಿಟ್ಟು ಪ್ರಯೋಗ ಮಾಡಬೇಡಿ!

1902ರಲ್ಲಿ ಕಾರ್ನ್‌ವಾಲ್‌ನ ಡಾಲ್‌ಕೋತ್ ತವರದ ಗಣಿಯಲ್ಲಿ ಕೆಲಸಗಾರರು ರಕ್ತಹೀನತೆಯಿಂದ ಬಿಳಿಚಿಕೊಂಡು ದಣಿಯುತ್ತಿದ್ದರು. ಗಣಿಯ ಗಾಳಿ ಕೆಟ್ಟಿದೆ ಎಂಬ ದೂರಿನ ಮೇಲೆ ಹಾಲ್ಡೇನರನ್ನು ಕರೆಸಿದರು. ಅವರು ಅಳೆದು ನೋಡಿ ಕಾರಣ ಗಾಳಿಯಲ್ಲಿಲ್ಲ, ಕೊಕ್ಕೆಹುಳುವಿನಲ್ಲಿದೆ ಎಂದು ತೋರಿಸಿದರು. ಬಿಸಿ ಪ್ರದೇಶಗಳ ಗಣಿಗಳಲ್ಲಿ ದುಡಿದು ಮರಳಿದವರ ಜೊತೆ ಹುಳು ಬಂದು, ಶೌಚಾಲಯವಿಲ್ಲದ ಬೆಚ್ಚನೆಯ ಒದ್ದೆ ಸುರಂಗದಲ್ಲಿ ಹರಡಿತ್ತು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಮೇಸ್ತ್ರಿಗಳಾಗಿ, ಕ್ಯಾಪ್ಟನ್ನರಾಗಿ ದುಡಿದವರಲ್ಲಿ ಅನೇಕರು ಇದೇ ಕಾರ್ನ್‌ವಾಲ್‌ನವರು ಎಂಬುದನ್ನು ಕೆ.ಜಿ.ಎಫ್. ಇತಿಹಾಸ ಬಲ್ಲವರು ತಿಳಿದಿರುತ್ತಾರೆ. ತನ್ನ ಪರಿಣತಿ ಗಾಳಿಯಲ್ಲಿದ್ದರೂ ತಪ್ಪು ಗಾಳಿಯದಲ್ಲ ಎಂದು ಹೇಳುವ ಪ್ರಾಮಾಣಿಕತೆ ಹಾಲ್ಡೇನರಿಗೆ ಇತ್ತು.

ಇನ್ನು ಅವರ ಅತ್ಯಂತ ದೊಡ್ಡ ಸಂಶೋಧನೆಗೆ ಬರುತ್ತೇನೆ. ನಾವು ಉಸಿರಾಡುವುದನ್ನು ನಿಯಂತ್ರಿಸುವುದು ಯಾವುದು? ಆಮ್ಲಜನಕ ಕಡಿಮೆಯಾದರೆ ದೇಹ ಕೂಡಲೇ ಉಸಿರು ಜೋರು ಮಾಡುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. 1905ರಲ್ಲಿ ಹಾಲ್ಡೇನ್ ಮತ್ತು ಜಾನ್ ಗಿಲ್ಲೀಸ್ ಪ್ರೀಸ್ಟ್‌ಲಿ ತೋರಿಸಿದ್ದು ಬೇರೆ. ಸಾಮಾನ್ಯವಾಗಿ ಉಸಿರಿನ ಲಗಾಮು ಇರುವುದು ಇಂಗಾಲದ ಡೈಆಕ್ಸೈಡ್ ಕೈಯಲ್ಲಿ. ಶ್ವಾಸಕೋಶದಲ್ಲಿ ಅದು ಅತಿ ಸ್ವಲ್ಪ ಹೆಚ್ಚಿದರೂ ಉಸಿರು ದುಪ್ಪಟ್ಟಾಗುತ್ತದೆ. ಆಮ್ಲಜನಕ ಕಡಿಮೆಯಾಗುತ್ತಾ ಹೋದರೆ ಮಾತ್ರ ಬಹಳ ಹೊತ್ತಿನ ತನಕ ದೇಹ ಗಂಟೆ ಬಾರಿಸುವುದೇ ಇಲ್ಲ. ತುಟಿ ನೀಲಿಯಾಗಿರುತ್ತದೆ, ಬುದ್ಧಿ ಮಂಕಾಗಿರುತ್ತದೆ, ಆದರೆ ಮನುಷ್ಯ ತಾನು ಚೆನ್ನಾಗಿದ್ದೇನೆ ಎಂದೇ ಹೇಳುತ್ತಾನೆ. ಕೋವಿಡ್ ಎರಡನೇ ಅಲೆಯಲ್ಲಿ ಆಕ್ಸಿಮೀಟರ್ 80 ತೋರಿಸುತ್ತಿದ್ದರೂ ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದವರನ್ನು ನಾವು ಕಂಡಿದ್ದೇವಲ್ಲ, ಆ ಒಗಟಿನ ಒಂದು ದೊಡ್ಡ ಭಾಗ ಬಿಡಿಸಿಕೊಳ್ಳುವುದು ಇಲ್ಲೇ. ಆಮ್ಲಜನಕದ ಕೊರತೆ ಹೇಳದೆ ಬರುವ ಕಳ್ಳ. ಅಳೆಯದ ಹೊರತು ಸಿಕ್ಕಿಬೀಳುವುದಿಲ್ಲ.

ಈ ಜ್ಞಾನವನ್ನು ಹಿಡಿದು ಅವರು ಸಮುದ್ರದ ಆಳಕ್ಕೂ ಪರ್ವತದ ತುದಿಗೂ ಹೋದರು. ಬ್ರಿಟಿಷ್ ನೌಕಾಪಡೆಯ ಮುಳುಗುಗಾರರು ಮೇಲೆ ಬರುವಾಗ ರಕ್ತದಲ್ಲಿ ಗುಳ್ಳೆಯೆದ್ದು ಸಾಯುವುದನ್ನು ತಪ್ಪಿಸಲು ಮೇಕೆಗಳ ಮೇಲೆ ಪ್ರಯೋಗ ಮಾಡಿ, ಹಂತ ಹಂತವಾಗಿ ನಿಂತು ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದರು. 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಶಿಖರದಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ, ಸಂಗಡಿಗರೊಡನೆ ವಾರಗಟ್ಟಲೆ ತಂಗಿ ದೇಹ ತೆಳುಗಾಳಿಗೆ ಹೇಗೆ ಒಗ್ಗುತ್ತದೆ ಎಂದು ಅಳೆದರು. ಎಲ್ಲವೂ ಸರಿಯಾಯಿತೆಂದಲ್ಲ. ಶ್ವಾಸಕೋಶ ಆಮ್ಲಜನಕವನ್ನು ತಾನಾಗಿ ರಕ್ತಕ್ಕೆ ತಳ್ಳುತ್ತದೆ ಎಂಬ ಅವರ ಸಿದ್ಧಾಂತ ತಪ್ಪೆಂದು ಇತರರು ತೋರಿಸಿದರೂ ಅವರು ಅದನ್ನು ಕೊನೆಯವರೆಗೂ ಬಿಡಲಿಲ್ಲ. ಇಷ್ಟೆಲ್ಲ ಮಾಡಿದವರಿಗೆ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಹುದ್ದೆ ಎಂದೂ ಸಿಗಲಿಲ್ಲ. 1913ರಲ್ಲಿ ಆ ಪೀಠ ಇನ್ನೊಬ್ಬ ಮಹಾನ್ ವಿಜ್ಞಾನಿ ಷೆರಿಂಗ್ಟನ್ ಅವರಿಗೆ ಹೋದಾಗ ಹಾಲ್ಡೇನರು ತಮ್ಮ ಹುದ್ದೆಗೆ ರಾಜೀನಾಮೆ ಕೊಟ್ಟರು. ಆಮೇಲೆ ಗಣಿಗಾರರಿಗಾಗಿ ತೆರೆದಿದ್ದ ಒಂದು ಸಂಶೋಧನಾಲಯದ ನಿರ್ದೇಶಕರಾಗಿಯೇ ದುಡಿದರು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೇನೆ ಕ್ಲೋರೀನ್ ಅನಿಲವನ್ನು ಗಾಳಿಯೊಂದಿಗೆ ಹರಿಯಬಿಟ್ಟಿತು. ಕಂದಕಗಳಲ್ಲಿದ್ದ ಸೈನಿಕರು ಸಾಲುಸಾಲಾಗಿ ಬಿದ್ದರು. ಬ್ರಿಟಿಷ್ ಸರ್ಕಾರ ತಕ್ಷಣ ಹಾಲ್ಡೇನರನ್ನು ಫ್ರಾನ್ಸಿಗೆ ಕಳಿಸಿತು. ಆಸ್ಪತ್ರೆಯಲ್ಲಿ ಅವರು ಕಂಡದ್ದು ಉಸಿರಿಗಾಗಿ ಒದ್ದಾಡುತ್ತಿದ್ದ, ಮುಖ ಕಪ್ಪಿಟ್ಟ ಹುಡುಗರನ್ನು. ಅನಿಲ ಕ್ಲೋರೀನ್ ಎಂದು ಗುರುತಿಸಿ, ಊರಿಗೆ ಮರಳಿ ಮುಖವಾಡಗಳ ಪರೀಕ್ಷೆ ಆರಂಭಿಸಿದರು. ಮತ್ತೆ ಅದೇ ಮನೆ, ಅದೇ ಮುಚ್ಚಿದ ಕೋಣೆ, ವಿಷದ ಗಾಳಿಯೊಳಗೆ ಅವರೇ. ವಿಧಿಯ ಆಟ ನೋಡಿ, ಅದೇ ಮೇ ತಿಂಗಳಲ್ಲಿ ಅವರ ಅಣ್ಣ ಲಾರ್ಡ್ ಹಾಲ್ಡೇನರನ್ನು ಜರ್ಮನಿಯ ಬಗ್ಗೆ ಒಲವಿರುವವರೆಂದು ಪತ್ರಿಕೆಗಳು ದೂರಿ ದೂರಿ ಮಂತ್ರಿ ಪದವಿಯಿಂದ ಇಳಿಸಿದವು. ತಮ್ಮ ಮಾತ್ರ ಜರ್ಮನ್ ಅನಿಲದಿಂದ ಬ್ರಿಟಿಷ್ ಸೈನಿಕರನ್ನು ಕಾಪಾಡಲು ತನ್ನ ಶ್ವಾಸಕೋಶವನ್ನೇ ಒಡ್ಡಿ ಕುಳಿತಿದ್ದರು.

ಅನಿಲ ತಾಗಿದವರ ಶ್ವಾಸಕೋಶದಲ್ಲಿ ನೀರು ತುಂಬಿ ಆಮ್ಲಜನಕ ರಕ್ತ ಸೇರುತ್ತಿರಲಿಲ್ಲ. ಇವರಿಗೆ ಆಮ್ಲಜನಕ ಕೊಡಬೇಕು, ಸರಿ, ಆದರೆ ಹೇಗೆ? ಸಿಲಿಂಡರ್‌ಗಳೇನೋ ಇದ್ದವು. ಲಂಡನ್ನಿನಲ್ಲಿ 1886ರಿಂದಲೇ ಆಮ್ಲಜನಕವನ್ನು ವ್ಯಾಪಾರಕ್ಕಾಗಿ ತಯಾರಿಸಿ ತುಂಬುತ್ತಿದ್ದರು. ವೈದ್ಯರು ಅದನ್ನು ಕೊಡುತ್ತಿದ್ದ ರೀತಿ ಮಾತ್ರ ದೇವರಿಗೇ ಪ್ರೀತಿ. ರಬ್ಬರ್ ಕೊಳವೆಗೆ ಒಂದು ಆಲಿಕೆ ಸಿಕ್ಕಿಸಿ ರೋಗಿಯ ಮುಖದ ಹತ್ತಿರ ಹಿಡಿಯುವುದು, ಸ್ವಲ್ಪ ಹೊತ್ತು ಬಿಡುವುದು, ನಿಲ್ಲಿಸುವುದು. ಹೆಚ್ಚು ಪಾಲು ಕೋಣೆಯ ಗಾಳಿಗೆ ಸೇರಿಹೋಗುತ್ತಿತ್ತು. ಎಷ್ಟು ಹೋಯಿತು, ಎಷ್ಟು ಒಳಗೆ ಸೇರಿತು ಎಂದು ಯಾರಿಗೂ ಗೊತ್ತಿರಲಿಲ್ಲ. ಅದೂ ಕೊನೆಯ ಗಳಿಗೆಯಲ್ಲಿ ಕೊಡುತ್ತಿದ್ದರಿಂದ ರೋಗಿ ಸಾಯುತ್ತಿದ್ದ, ಆಮ್ಲಜನಕದಿಂದ ಪ್ರಯೋಜನವಿಲ್ಲ ಎಂಬ ಮಾತು ಹುಟ್ಟಿತ್ತು. ನಮ್ಮ ಊರುಗಳಲ್ಲಿ ಇಂದಿಗೂ ಆಕ್ಸಿಜನ್ ಹಾಕಿದ್ದಾರಂತೆ ಎಂದರೆ ಕಥೆ ಮುಗಿಯಿತು ಎಂದು ಅಳಲು ಶುರು ಮಾಡುತ್ತಾರಲ್ಲ, ಅದರ ಬೇರು ಅಷ್ಟು ಹಳೆಯದು.

ಹಾಲ್ಡೇನರು ಮಾಡಿದ ಉಪಕರಣ ನೋಡಲು ಸರಳ. ಸಿಲಿಂಡರ್‌ಗೆ ಒತ್ತಡ ತಗ್ಗಿಸುವ ಕವಾಟ. ಅದಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತಿದೆ ಎಂದು ತೋರಿಸುವ, ಗುರುತು ಹಾಕಿದ ತಿರುಗುಗುಬ್ಬಿ. ಮುಖಕ್ಕೆ ಕೂರುವ ಮಾಸ್ಕ್. ನಡುವೆ ಒಂದು ಸಣ್ಣ ರಬ್ಬರ್ ಚೀಲ. ಜಾಣತನವೆಲ್ಲ ಆ ಚೀಲದಲ್ಲಿತ್ತು. ನಾವು ಉಸಿರು ಹೊರಬಿಡುವ ಹೊತ್ತಿನಲ್ಲಿ ಸಿಲಿಂಡರಿನಿಂದ ಬರುವ ಆಮ್ಲಜನಕ ವ್ಯರ್ಥವಾಗದೆ ಚೀಲದಲ್ಲಿ ಸೇರಿಕೊಳ್ಳುತ್ತದೆ. ಮುಂದಿನ ಉಸಿರು ಒಳಗೆಳೆಯುವಾಗ ಅದೇ ಮೊದಲು ಶ್ವಾಸಕೋಶಕ್ಕೆ ಹೋಗುತ್ತದೆ. ನಲ್ಲಿ ನೀರು ಸಣ್ಣಗೆ ಬರುವಾಗ ನಮ್ಮ ತಾಯಂದಿರು ಕೊಡ ಇಟ್ಟು ಹನಿಹನಿಯನ್ನೂ ಹಿಡಿಯುವಂತೆ. ಯುದ್ಧಭೂಮಿಗೆ ಸಿಲಿಂಡರ್ ಹೊತ್ತು ತರುವುದು ಎಷ್ಟು ಕಷ್ಟವೋ ಲೀಟರ್ ಲೀಟರಿಗೂ ಬೆಲೆ ಅಷ್ಟೇ ಇತ್ತು.

1917ರ ಫೆಬ್ರವರಿಯಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಇದನ್ನು ವಿವರಿಸಿ ಬರೆದರು. ಅದರಲ್ಲಿದ್ದದ್ದು ಉಪಕರಣದ ಚಿತ್ರ ಮಾತ್ರವಲ್ಲ, ಒಂದು ಹೊಸ ದೃಷ್ಟಿ. ಆಮ್ಲಜನಕವನ್ನು ಬಿಟ್ಟು ಬಿಟ್ಟು ಕೊಡುವುದಲ್ಲ, ಬೇಕಾದಷ್ಟು ಗಂಟೆ, ಬೇಕಾದರೆ ದಿನಗಟ್ಟಲೆ, ನಿಲ್ಲಿಸದೆ ಕೊಡಬೇಕು. ಹೇರಳವಾಗಿ ಸುರಿಯುವುದಲ್ಲ, ರೋಗಿಯ ಬಣ್ಣ ತಿಳಿಯಾಗುವಷ್ಟು ಮಾತ್ರ ಕೊಡಬೇಕು. ಏಕೆಂದರೆ ಅತಿಯಾದ ಆಮ್ಲಜನಕ ಶ್ವಾಸಕೋಶವನ್ನೇ ಕೆಡಿಸುತ್ತದೆ ಎಂದು ಅವರ ಹಳೆಯ ಸಂಗಡಿಗ ಲೋರೇನ್ ಸ್ಮಿತ್ 1899ರಲ್ಲಿಯೇ ತೋರಿಸಿದ್ದರು. ರೋಗಿ ಚೇತರಿಸಿಕೊಂಡಂತೆ ಅಳತೆ ಇಳಿಸುತ್ತಾ ಬರಬೇಕು. ಅದು ರೋಗವನ್ನು ವಾಸಿ ಮಾಡುವುದಿಲ್ಲ. ದೇಹ ತನ್ನನ್ನು ತಾನು ವಾಸಿ ಮಾಡಿಕೊಳ್ಳುವ ತನಕ ಜೀವವನ್ನು ಹಿಡಿದು ನಿಲ್ಲಿಸುತ್ತದೆ. ಅಂದರೆ ಆಮ್ಲಜನಕಕ್ಕೂ ಮಾತ್ರೆಯ ಹಾಗೆ ಪ್ರಮಾಣ ಉಂಟು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಇಂದಿನ ವೈದ್ಯರು ಹೇಳುವುದೂ ಇದನ್ನೇ.

ಯುದ್ಧದ ನಂತರ ಗೌರವಗಳು ಬಂದವು. 1934ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಸಿಕ್ಕಿತು. ಕೆಲಸ ಮಾತ್ರ ನಿಲ್ಲಲಿಲ್ಲ. ಪರ್ಷಿಯಾದ ತೈಲ ಶುದ್ಧೀಕರಣ ಘಟಕಗಳಲ್ಲಿ ಕೆಲಸಗಾರರಿಗೆ ಬಿಸಿಲಿನ ಹೊಡೆತ ಬಡಿಯುತ್ತಿದೆ ಎಂದು ಪರೀಕ್ಷಿಸಲು 75ರ ವಯಸ್ಸಿನಲ್ಲಿ ಅಲ್ಲಿಗೆ ಹೋಗಿಬಂದರು. ಮರಳಿದ ಸ್ವಲ್ಪ ದಿನಕ್ಕೆ, 1936ರ ಮಾರ್ಚ್ 14ರ ನಡುರಾತ್ರಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ಕಣ್ಣುಮುಚ್ಚಿದರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಕೊಡಲಾಯಿತು. ಅಪ್ಪ ಬದುಕಿದ್ದಾಗ ತನ್ನ ದೇಹವನ್ನು ವಿಜ್ಞಾನಕ್ಕೆ ಒಡ್ಡಿದರು, ಮಗ ಸತ್ತ ಮೇಲೂ ಕೊಟ್ಟರು.

ಈಗ ನನ್ನ ಕಥೆ. 2021ರ ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪ ಕೋವಿಡ್‌ನಿಂದ ಒಂದು ಆಸ್ಪತ್ರೆ ಸೇರಿದರು. ಎಷ್ಟೋ ಜನರ ಕಾಲು ಹಿಡಿದು ದೊಡ್ಡದೊಂದು ಸಿಲಿಂಡರ್ ಸಂಪಾದಿಸಿದೆವು. ಅದರಲ್ಲಿ ಸುಮಾರು 7,000 ಲೀಟರ್ ಅನಿಲ. ಚಿಕ್ಕಪ್ಪನಿಗೆ ಬೇಕಿದ್ದುದು ನಿಮಿಷಕ್ಕೆ 5 ಲೀಟರ್. ಎಂಜಿನಿಯರ್ ಅಲ್ಲವೇ, ಮನಸ್ಸಿನಲ್ಲೇ ಭಾಗಿಸಿದೆ. 1,400 ನಿಮಿಷ, ಅಂದರೆ 23 ಗಂಟೆಗಿಂತ ಹೆಚ್ಚು. ನಾಳೆ ಮಧ್ಯಾಹ್ನದ ತನಕ ಚಿಂತೆಯಿಲ್ಲ ಎಂದು ಹೊರಗೆ ಕಾರಿನಲ್ಲಿ ಮಲಗಿದೆ. ಬೆಳಗಿನ ಜಾವ ಸಿಸ್ಟರ್ ಬಂದು ಗಾಜು ಬಡಿದು ಎಬ್ಬಿಸಿದರು. ಸಿಲಿಂಡರ್ 14 ಗಂಟೆಗೇ ಬರಿದಾಗುತ್ತಿತ್ತು. ರೆಗ್ಯುಲೇಟರ್ ಕೂರುವ ಜಾಗದ ವಾಷರ್ ಸವೆದು ರಾತ್ರಿಯೆಲ್ಲ ಸಣ್ಣಗೆ ಸೋರಿತ್ತು. ಫ್ಯಾನಿನ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಆ ತಾಯಿ ಎಲ್ಲಿಂದಲೋ ಒಂದು ಸಣ್ಣ ಸಿಲಿಂಡರ್ ಉರುಳಿಸಿಕೊಂಡು ಬಂದು ಜೋಡಿಸಿ, ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿ, ಗಡಿಯಾರ ನೋಡಿ ಚೀಟಿಯಲ್ಲಿ ಬರೆದಿಟ್ಟರು. ಚಿಕ್ಕಪ್ಪ ಉಳಿದರು. ಕೆಲವು ರೂಪಾಯಿಯ ವಾಷರ್, ಒಂದು ಜೀವ. ನನ್ನ ಲೆಕ್ಕ ಸರಿಯಾಗಿತ್ತು, ಆದರೆ ನಾನು ಅಳೆದಿರಲಿಲ್ಲ. ಅವತ್ತು ನಮ್ಮ ಮೇಷ್ಟ್ರ ಗದರಿಕೆ ಕಿವಿಯಲ್ಲಿ ಕೇಳಿಸಿತು. ಊರಿಗೆ ಬಂದ ಮೇಲೆ ಆಮ್ಲಜನಕದ ಬಗ್ಗೆ ಓದುತ್ತಾ ಹೋಗಿ ಹಾಲ್ಡೇನರನ್ನು ಕಂಡೆ.

ಆ ವರ್ಷ ನಮ್ಮ ಬ್ಯಾಚಿನವರು ಹಣ ಕೂಡಿಸಿ ಎರಡು ಆಕ್ಸಿಜನ್ ಕಾನ್ಸಂಟ್ರೇಟರ್ ಕೊಂಡು ಊರಿನ ಆರೋಗ್ಯ ಕೇಂದ್ರಕ್ಕೆ ಕೊಟ್ಟೆವು. ಹಾರ ಹಾಕಿ ಫೋಟೋ ತೆಗೆಸಿಕೊಂಡೆವು. ಇದು ಸಿಲಿಂಡರ್ ಅಲ್ಲ, ಗಾಳಿಯನ್ನೇ ಎಳೆದುಕೊಂಡು ಜಿಯೋಲೈಟ್ ಎಂಬ ಹರಳುಗಳ ಮೂಲಕ ಹಾಯಿಸಿ, ಸಾರಜನಕವನ್ನು ಅಲ್ಲೇ ಹಿಡಿದು, ಶೇಕಡಾ 90ಕ್ಕೂ ಹೆಚ್ಚು ಶುದ್ಧ ಆಮ್ಲಜನಕ ಕೊಡುವ ಯಂತ್ರ. ಲಾರಿ ಬರುವ ತನಕ ಕಾಯಬೇಕಿಲ್ಲ. ಒಂದು ಮಿಕ್ಸಿಗೆ ಬೇಕಾಗುವಷ್ಟು ಕರೆಂಟ್ ಇದ್ದರೆ ಸಾಕು. ಪಪುವಾ ನ್ಯೂ ಗಿನಿ ಎಂಬ ಬಡ, ಗುಡ್ಡಗಾಡಿನ ದೇಶದ ಐದು ಆಸ್ಪತ್ರೆಗಳಲ್ಲಿ ಇಂಥ ಯಂತ್ರಗಳನ್ನೂ ಪಲ್ಸ್ ಆಕ್ಸಿಮೀಟರ್‌ಗಳನ್ನೂ ಇಟ್ಟು, ಸಿಬ್ಬಂದಿಗೆ ತರಬೇತಿ ಕೊಟ್ಟು, ನೋಡಿಕೊಳ್ಳುವ ವ್ಯವಸ್ಥೆಯನ್ನೂ ಮಾಡಿದಾಗ ನ್ಯುಮೋನಿಯಾದಿಂದ ಮಕ್ಕಳು ಸಾಯುವ ಪ್ರಮಾಣ ಶೇಕಡಾ 35ರಷ್ಟು ಇಳಿಯಿತು ಎಂದು 2008ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಗಿದೆ. ಯಂತ್ರ, ಅಳತೆ, ತರಬೇತಿ, ರಿಪೇರಿ ನಾಲ್ಕೂ ಸೇರಿದಾಗ ಬಂದ ಫಲ ಇದು.

ನಾವು ಕೊಟ್ಟದ್ದು ಒಂದನ್ನು ಮಾತ್ರ. ಕಳೆದ ದಸರೆಗೆ ಊರಿಗೆ ಬಂದಾಗ ಹೋಗಿ ನೋಡಿದೆ. ಎರಡು ಯಂತ್ರಗಳೂ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿದ್ದವು. ಒಂದರ ಫಿಲ್ಟರ್ ಧೂಳಿನಿಂದ ಕಂಬಳಿಯಂತಾಗಿತ್ತು. ಬಳಸದೆ ಇಟ್ಟರೆ ಹರಳುಗಳು ತೇವ ಹೀರಿ ಯಂತ್ರ ಹಾಳಾಗುತ್ತದೆ, ಆಗಾಗ ಓಡಿಸುತ್ತಿರಬೇಕು. ಇದನ್ನು ಅಲ್ಲಿಯವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು. ಬಿಡಿ ಫಿಲ್ಟರ್ ಕೊಟ್ಟಿರಲಿಲ್ಲ, ಸ್ಟೆಬಿಲೈಸರ್ ಕೊಟ್ಟಿರಲಿಲ್ಲ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂಬ ಚೀಟಿಯನ್ನೂ ಅಂಟಿಸಿರಲಿಲ್ಲ. ತಪ್ಪು ಅಲ್ಲಿಯ ಸಿಬ್ಬಂದಿಯದಲ್ಲ, ಆಲಿಕೆ ಹಿಡಿದು ಆಮ್ಲಜನಕ ಬಿಟ್ಟು ಕರ್ತವ್ಯ ಮುಗಿಯಿತು ಎಂದುಕೊಂಡವರ ಸಾಲಿಗೆ ನಾವೂ ಸೇರಿದ್ದೆವು. ಫಿಲ್ಟರ್ ತೊಳೆದು, ಹೊಸದು ಹಾಕಿ, ಶುದ್ಧತೆ ಪರೀಕ್ಷಿಸಿದಾಗ ಒಂದು ಯಂತ್ರ ಸರಿಯಾಗಿತ್ತು, ಇನ್ನೊಂದನ್ನು ರಿಪೇರಿಗೆ ಕಳಿಸಬೇಕಾಯಿತು.

ಆದ್ದರಿಂದ ಈ ಸಂಚಿಕೆಯ ಮೂಲಕ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ಒಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಹೊಸ ಯಂತ್ರ ಕೊಡುವುದು ಬೇಡ. ಇರುವುದನ್ನು ಬದುಕಿಸಿಕೊಳ್ಳೋಣ. ವರ್ಷಕ್ಕೊಂದು ಬ್ಯಾಚ್ ಜವಾಬ್ದಾರಿ ಹೊತ್ತು ಫಿಲ್ಟರ್, ವಾಷರ್, ಮೂಗಿನ ನಳಿಕೆಗಳ ಖರ್ಚು ನೋಡಿಕೊಳ್ಳಲಿ. ವೈದ್ಯಾಧಿಕಾರಿಗಳು ಒಪ್ಪಿದರೆ ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡೋಣ. ಯಾವ ದಿನ ಓಡಿಸಿದರು, ಎಷ್ಟು ಗಂಟೆ, ಫಿಲ್ಟರ್ ಎಂದು ತೊಳೆದರು, ಶುದ್ಧತೆ ಎಷ್ಟು. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಆಮ್ಲಜನಕದ ಪಾಠ ಓದುವ ತಿಂಗಳಲ್ಲಿ ಮೇಷ್ಟ್ರ ಜೊತೆ ಹೋಗಿ ಆ ನೋಟ್‌ಬುಕ್ ನೋಡಿ ಬರಲಿ. ಮೊದಲ ವರ್ಷದ ಖರ್ಚು ನಮ್ಮ ಬ್ಯಾಚಿನದು, ನೋಟ್‌ಬುಕ್ ನಾನೇ ತರುತ್ತೇನೆ.

ಊದಿನಕಡ್ಡಿ ಭಗ್ಗನೆ ಹೊತ್ತಿದಾಗ ಚಪ್ಪಾಳೆ ತಟ್ಟಿದ ನಾವು ಅಂದು ಬರೆಯದೆ ಬಿಟ್ಟ ಅಳತೆಯನ್ನು ಇನ್ನಾದರೂ ಬರೆಯೋಣ. 

(ಲೇಖಕರು ನಮ್ಮ ಶಾಲೆಯ 2004ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ, ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)